ಅಮಾನತಾದ ಕೋಚ್, ಬಾಕಿ ಸಂಬಳ, ಹರಿದ ಕರಾರು: ಜಗಳವನ್ನು ಲೆಕ್ಕ ಹಾಕಿ ಮಾತಾಡುವ ಬಗೆ

ಮಂಜೇಶ್ವರದಿಂದ ತ್ರಿಕರಿಪುರದವರೆಗೆ ಯಾವ ಚಾ ಹೋಟೆಲಿನಲ್ಲಿ ಕೂತರೂ ಸರಿ, ಫುಟ್ಬಾಲ್ ಕೋಚ್ ಒಬ್ಬರನ್ನು ಕ್ಲಬ್ ಅಮಾನತು ಮಾಡಿದ ಸುದ್ದಿ ಬಂದ ದಿನ ಎರಡು ಮಾತು ಕೇಳಿಯೇ ಕೇಳುತ್ತದೆ. ‘ಅಲ್ಲ ಮಾರಾಯ, ಸೋತು ಸೋತು ತಂಡ ಮುಳುಗಿಸಿದವನಿಗೆ ಇನ್ನೆಂಥ ಸಂಬಳ?’ ಎಂಬುದು ಒಂದು. ‘ಸಹಿ ಹಾಕಿದ್ದಾರಲ್ಲ, ಕರಾರು ಮುಗಿಯುವವರೆಗಿನದ್ದು ಪೂರ್ತಿ ಕೊಡ್ಲೇಬೇಕು’ ಎಂಬುದು ಇನ್ನೊಂದು. ಎರಡೂ ತಪ್ಪು. ಸೋಲಿಗೂ ಸಂಬಳಕ್ಕೂ ನೇರ ಸಂಬಂಧವಿಲ್ಲ, ಪೂರ್ತಿ ಹಣ ಸಿಗುವುದೂ ಅಪರೂಪ. ಇಂಥ ಜಗಳದಲ್ಲಿ ಯಾರ ಪಕ್ಷ ಗಟ್ಟಿ ಎಂದು ತಿಳಿಯಲು ಅಂಕಪಟ್ಟಿ ನೋಡಿ ಪ್ರಯೋಜನವಿಲ್ಲ. ನೋಡಬೇಕಾದ್ದು ಯಾರು ಅಮಾನತು ಮಾಡಿದರು, ಸಂಬಳ ಯಾವ ತಾರೀಕಿಗೆ ನಿಂತಿತು, ಯಾವ ಕಾಗದ ಯಾವ ದಿನ ಕೈಸೇರಿತು ಎಂಬ ಮೂರನ್ನು. ದೊಡ್ಡ ಕ್ಲಬ್ಬಿನ ಸುದ್ದಿ ಓದುವ ಅಭಿಮಾನಿಗೂ, ಸೆವೆನ್ಸ್ (ಏಳೇಳು ಮಂದಿ ಆಡುವ ಊರಿನ ಫುಟ್ಬಾಲ್) ತಂಡಕ್ಕೆ ಕೋಚ್ ಇಟ್ಟುಕೊಂಡ ಊರಿನ ಕ್ಲಬ್ಬಿನ ಕಾರ್ಯದರ್ಶಿಗೂ ಇದು ಒಂದೇ.

ಮೊದಲು: ಯಾರ ಅಮಾನತು?

ಅಮಾನತಿನಲ್ಲಿ ಎರಡು ಜಾತಿ. ಫೆಡರೇಶನ್ ಹಾಕಿದ್ದು ಒಂದು, ಕ್ಲಬ್ ಹಾಕಿದ್ದು ಇನ್ನೊಂದು. ಚರ್ಚೆ ಹಳ್ಳ ಹಿಡಿಯುವುದು ಹೆಚ್ಚಾಗಿ ಇವೆರಡನ್ನು ಕಲಸಿದಾಗ.

ಫೆಡರೇಶನ್ ಅಮಾನತಿಗೆ ನಮ್ಮ ಕಡೆ ಎಲ್ಲರಿಗೂ ನೆನಪಿರುವ ಉದಾಹರಣೆ ಉಂಟು. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಥಟ್ಟನೆ ಹೊಡೆದ ಫ್ರೀಕಿಕ್ ಗೋಲಾಯಿತು. ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ (ಎಐಎಫ್‌ಎಫ್) ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ, ಬಹಿರಂಗ ಕ್ಷಮೆ. ಕ್ಷಮೆ ಕೇಳದಿದ್ದರೆ ದಂಡ 10 ಲಕ್ಷ. ಕಾಸರಗೋಡಿನಲ್ಲಿ ಒಂದೇ ಮನೆಯಲ್ಲಿ ಅಣ್ಣ ಹಳದಿ ಜೆರ್ಸಿ, ತಮ್ಮ ನೀಲಿ ಜೆರ್ಸಿ ಇರುವುದುಂಟಲ್ಲ, ಆ ಜಗಳ ಇವತ್ತಿಗೂ ಮುಗಿದಿಲ್ಲ, ಅದಿರಲಿ. ಇಲ್ಲಿ ಗಮನಿಸಬೇಕಾದ್ದು ಬೇರೆ. ನಿಷೇಧ ಬಿದ್ದದ್ದು ಬೆಂಚಿಗೆ (ಪಂದ್ಯದ ವೇಳೆ ಮೈದಾನದ ಬದಿಯಲ್ಲಿ ಕೂರುವುದಕ್ಕೆ), ಕರಾರಿಗಲ್ಲ. ವುಕೊಮನೊವಿಚ್ ಬ್ಲಾಸ್ಟರ್ಸ್ ಕೋಚ್ ಆಗಿಯೇ ಮುಂದುವರಿದರು, ಆ ವರ್ಷದ ಅಕ್ಟೋಬರಿನಲ್ಲಿ ಬೆಂಚಿಗೆ ಮರಳಿದರು, ಕ್ಲಬ್ ಬಿಟ್ಟದ್ದು 2024ರ ಏಪ್ರಿಲಿನಲ್ಲಿ. ಫೆಡರೇಶನ್ ನಿಷೇಧದ ಅವಧಿಗೆ ಸಂಬಳ ಕಡಿತವೆಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಸಂಬಳ ನಡೆಯುತ್ತಲೇ ಇರುತ್ತದೆ.

ಕ್ಲಬ್ ಹಾಕುವ ಅಮಾನತು ಬೇರೆ ಸಂಗತಿ. ‘ವಿಚಾರಣೆ ಮುಗಿಯುವವರೆಗೆ ತರಬೇತಿಗೆ ಬರಬೇಡಿ’ ಎಂಬುದು ಅದರ ತಿರುಳು. ಇಂಗ್ಲೆಂಡಿನಲ್ಲಿ ‘ಗಾರ್ಡನಿಂಗ್ ಲೀವ್’ ಎಂದು ಕಳಿಸುವುದೂ ಹತ್ತಿರಹತ್ತಿರ ಇದೇ: ಮನೆಯಲ್ಲಿ ಕೂರಿ, ಸಂಬಳ ಬರುತ್ತದೆ, ಬೇರೆ ಕ್ಲಬ್ ಸೇರಬೇಡಿ. ಎರಡರಲ್ಲೂ ಕರಾರು ಜೀವಂತ ಇದೆ. ಆದ್ದರಿಂದ ‘ಅಮಾನತು ಆಯ್ತು, ಇನ್ನು ಹೊಸ ಕೋಚ್ ಯಾರು’ ಎಂದು ಕೇಳುವುದು ಒಂದು ಹೆಜ್ಜೆ ಮುಂದೆ. ಇಬ್ಬರಲ್ಲಿ ಒಬ್ಬರು ಕರಾರು ಮುರಿಯುವವರೆಗೆ, ಇಲ್ಲವೇ ಇಬ್ಬರೂ ಸೇರಿ ಮುಗಿಸುವವರೆಗೆ, ಹಳೆಯ ಕೋಚ್ ಸಂಬಳಪಟ್ಟಿಯಲ್ಲೇ ಇರುತ್ತಾರೆ. ಅಷ್ಟರಲ್ಲಿ ಕ್ಲಬ್ ಇನ್ನೊಬ್ಬರನ್ನು ಮುಖ್ಯ ಕೋಚ್ ಎಂದು ಘೋಷಿಸಿಬಿಟ್ಟರೆ ಅದು ಹಳೆಯ ಕೋಚ್ ಕೈಗೆ ತಾನಾಗಿ ಕೊಟ್ಟ ಸಾಕ್ಷ್ಯ: ‘ವಿಚಾರಣೆ ಬರೀ ನಾಟಕ, ನನ್ನನ್ನು ಆಗಲೇ ತೆಗೆದಾಗಿತ್ತು.’

ಸುದ್ದಿಯ ಭಾಷೆಯನ್ನೂ ಸ್ವಲ್ಪ ಬಿಡಿಸಿ ಓದಬೇಕು. ‘ಪರಸ್ಪರ ಒಪ್ಪಿಗೆಯಿಂದ’ ಎಂದಿದ್ದರೆ ಹೆಚ್ಚಾಗಿ ದುಡ್ಡು ಮಾತಾಗಿದೆ, ಮೊತ್ತ ಹೇಳುವುದಿಲ್ಲ ಎಂದು ತಿಳಿಯಿರಿ. ‘ಸಕಾರಣವಾಗಿ ತಕ್ಷಣದಿಂದ ವಜಾ’ ಎಂದಿದ್ದರೆ ಕ್ಲಬ್ ಪರಿಹಾರ ಕೊಡುವ ಮನಸ್ಸಿನಲ್ಲಿಲ್ಲ, ಜಗಳ ಈಗಷ್ಟೇ ಶುರು. ‘ಹೊಣೆಯಿಂದ ಬಿಡುಗಡೆ’ ಎಂದಷ್ಟೇ ಇದ್ದರೆ ಕೆಲಸದಿಂದ ಬಿಡಿಸಿದ್ದಾರೆ. ಕರಾರಿನಿಂದ ಬಿಡಿಸಿದ್ದಾರೆಂದು ಅರ್ಥವಲ್ಲ.

ತಾರೀಕುಗಳ ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ಈ ತಾರೀಕುಗಳನ್ನು ಬರೆದುಕೊಳ್ಳಿ: ಕರಾರು ಶುರುವಾದದ್ದು, ಮುಗಿಯುವುದು, ಸಂಬಳ ಕೊನೆಯ ಸಲ ಬಂದದ್ದು, ಅಮಾನತು ಪತ್ರದ್ದು, ಕೋಚ್ ಬಾಕಿ ಕೇಳಿ ನೋಟಿಸ್ ಕೊಟ್ಟದ್ದು, ಕರಾರು ಮುರಿದದ್ದು, ಹೊಸ ಕೆಲಸ ಸಿಕ್ಕಿದ್ದು. ಏಳರಲ್ಲಿ ನಾಲ್ಕು ಸುದ್ದಿಯಲ್ಲೇ ಸಿಗುತ್ತದೆ. ಉಳಿದ ಮೂರು ಗೊತ್ತಿಲ್ಲದಿದ್ದರೆ ಮೊತ್ತದ ಬಗ್ಗೆ ಪಂಥ ಕಟ್ಟಬೇಡಿ.

ಈ ತಾರೀಕುಗಳಿಗೆ ಇಷ್ಟು ತೂಕ ಬರುವುದು ಫಿಫಾ ನಿಯಮದಿಂದ. ಕೋಚ್‌ಗಳ ಉದ್ಯೋಗಕ್ಕೆ ಫಿಫಾ ಪ್ರತ್ಯೇಕ ನಿಯಮ ಜಾರಿಗೆ ತಂದದ್ದು 2021ರ ಜನವರಿ 1ರಿಂದ. ಅದಕ್ಕೆ ಮೊದಲು ವಿವರವಾದ ನಿಯಮ ಇದ್ದದ್ದು ಆಟಗಾರರಿಗೆ ಮಾತ್ರ. ಅದರ ಪ್ರಕಾರ ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ ಕೋಚ್‌ಗೆ ಕರಾರು ಮುರಿಯಲು ನ್ಯಾಯವಾದ ಕಾರಣ ಸಿಗುತ್ತದೆ. ಆದರೆ ಮೊದಲು ಲಿಖಿತ ನೋಟಿಸ್ ಕೊಟ್ಟು, ಬಾಕಿ ತೀರಿಸಲು ಕನಿಷ್ಠ 15 ದಿನ ಗಡುವು ಕೊಟ್ಟಿರಬೇಕು. ಎಡವಟ್ಟು ಆಗುವುದು ಇಲ್ಲಿಯೇ. ಎರಡು ತಿಂಗಳು ಕಾದು, ಸಿಟ್ಟಿನಲ್ಲಿ ನೋಟಿಸ್ ಇಲ್ಲದೆ ವಿಮಾನ ಹತ್ತಿದ ಕೋಚ್ ‘ಕೆಲಸ ಬಿಟ್ಟು ಓಡಿದವ’ ಆಗುತ್ತಾರೆ. ಪರಿಹಾರ ಕೊಡಬೇಕಾದ ಪಕ್ಷ ತಿರುಗಿಬಿಡುತ್ತದೆ. ಹತ್ತು ದಿನದ ಗಡುವು ಕೊಟ್ಟವರಿಗೂ ಅದೇ ಅಪಾಯ.

ಕ್ಲಬ್ಬಿನ ಕಡೆಯ ಎಡವಟ್ಟು ಬೇರೆ ರೀತಿಯದು. ತಂಡ ಸೋತದ್ದು ಕರಾರು ಮುರಿಯಲು ನ್ಯಾಯವಾದ ಕಾರಣವೆಂದು ಫಿಫಾ ನ್ಯಾಯಮಂಡಳಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೋಚ್‌ಗೆ ಲೈಸೆನ್ಸ್ ಇಲ್ಲ, ಕೆಲಸದ ವೀಸಾ ಸಿಗಲಿಲ್ಲ ಎಂಬುದನ್ನು ಮುಂದೆ ಮಾಡಿ ಸಹಿಯಾದ ಕರಾರು ನಡೆಯುವುದಿಲ್ಲ ಎನ್ನಲೂ ಬರುವುದಿಲ್ಲ. ಅದನ್ನೆಲ್ಲ ಸಹಿಗೆ ಮುಂಚೆ ನೋಡಿಕೊಳ್ಳಬೇಕಾದ್ದು ಕ್ಲಬ್. ಅಶಿಸ್ತು ಎಂಬ ಆರೋಪ ಹೊರಿಸುವುದಾದರೆ ತಡಮಾಡಬಾರದು. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಕೋಚ್ ಆಂಟೋನಿಯೊ ಕಾಂಟೆ, ನೀನು ನನ್ನ ಯೋಜನೆಯಲ್ಲಿ ಇಲ್ಲ ಎಂದು ತನ್ನ ಆಟಗಾರ ಡಿಯೆಗೊ ಕೋಸ್ಟಾಗೆ ಮೆಸೇಜ್ ಕಳಿಸಿದ ಸಂಗತಿ 2017ರ ಜೂನಿನಲ್ಲಿ ಜಗಜ್ಜಾಹೀರಾಗಿತ್ತು. ಕ್ಲಬ್ ಅವರನ್ನು ತೆಗೆದದ್ದು 2018ರ ಜುಲೈಯಲ್ಲಿ, ಇನ್ನೂ ಒಂದು ವರ್ಷದ ಕರಾರು ಬಾಕಿ ಇರುವಾಗ. ಪ್ರಕರಣ ಕಾಂಟೆ ಪರವಾಯಿತು. ಅವರನ್ನೂ ಅವರ ಸಹಾಯಕರನ್ನೂ ಕಳಿಸಿದ ಖರ್ಚು, ವಕೀಲರ ಫೀಸೂ ಸೇರಿ, 2.66 ಕೋಟಿ ಪೌಂಡ್ ಎಂದು ಚೆಲ್ಸಿಯ ಲೆಕ್ಕಪತ್ರದಲ್ಲೇ ಬಂತು. ತಪ್ಪು ಗೊತ್ತಾದ ಮೇಲೂ ಇಡೀ ಸೀಸನ್ ಕೆಲಸ ಮಾಡಿಸಿಕೊಂಡು, ಆಮೇಲೆ ಅದನ್ನೇ ಘೋರ ಅಪರಾಧ ಎಂದರೆ ಯಾವ ಮಂಡಳಿಯ ಮುಂದೆಯೂ ವಾದ ಸಪ್ಪೆಯಾಗುತ್ತದೆ.

ಸಂಬಳವನ್ನೇ ‘ಅಮಾನತು’ ಮಾಡುವ ಹೊಸ ಸಮಸ್ಯೆಯೂ ಉಂಟು. ಐಎಸ್‌ಎಲ್ ನಡೆಯುವುದೋ ಇಲ್ಲವೋ ಎಂಬ ಗೊಂದಲದಲ್ಲಿ 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕ್ಲಬ್ಬಿನ ಕಷ್ಟ ನಿಜವಿರಬಹುದು. ಆದರೆ ಒಂದೇ ಕಡೆಯವರು ಪ್ರಕಟಣೆ ಹೊರಡಿಸಿದ ಮಾತ್ರಕ್ಕೆ ಬಾಕಿಯ ದಿನಗಣನೆ ನಿಲ್ಲುವುದಿಲ್ಲ. ಇನ್ನೊಬ್ಬರ ಸಹಿ ಬೇಕು.

ಮೊತ್ತದ ಲೆಕ್ಕ

ಒಂದು ಕಲ್ಪಿತ ಲೆಕ್ಕ ಮಾಡೋಣ. ಕರಾರು 2024 ಜುಲೈ 1ರಿಂದ 2026 ಜೂನ್ 30ರವರೆಗೆ, ತಿಂಗಳಿಗೆ 5 ಲಕ್ಷ. 2025ರ ಫೆಬ್ರವರಿ, ಮಾರ್ಚ್, ಏಪ್ರಿಲ್ ಸಂಬಳ ಬರಲಿಲ್ಲ. ಕೋಚ್ ಏಪ್ರಿಲ್ ಮೊದಲ ವಾರ 15 ದಿನದ ನೋಟಿಸ್ ಕೊಟ್ಟು ಏಪ್ರಿಲ್ 30ಕ್ಕೆ ಕರಾರು ಮುರಿದರು.

ದುಡಿದ ಮೂರು ತಿಂಗಳ ಬಾಕಿ 15 ಲಕ್ಷ. ಇದು ಪರಿಹಾರವಲ್ಲ, ಸಾಲ. ಇದರಲ್ಲಿ ಚೌಕಾಸಿ ಇಲ್ಲ. ಕರಾರಿನ ಉಳಿದ ಅವಧಿ 14 ತಿಂಗಳು, ಅಂದರೆ 70 ಲಕ್ಷ. ಕೋಚ್‌ಗೆ ಆ ಅವಧಿಯಲ್ಲಿ ಬೇರೆ ಕೆಲಸ ಸಿಗದಿದ್ದರೆ ಪರಿಹಾರ ಆ 70 ಲಕ್ಷ. ಸೆಪ್ಟೆಂಬರ್ 1ರಿಂದ ತಿಂಗಳಿಗೆ 2 ಲಕ್ಷದ ಕೆಲಸ ಸಿಕ್ಕಿತು ಎನ್ನಿ. ಹಳೆಯ ಕರಾರಿನ ಅವಧಿಯೊಳಗೆ ಬರುವ 10 ತಿಂಗಳ 20 ಲಕ್ಷ ಕಳೆಯಬೇಕು, ಉಳಿದದ್ದು 50. ಕರಾರು ಮುರಿದದ್ದು ಸಂಬಳ ಬಾಕಿಯ ಕಾರಣಕ್ಕೆ ಆದ್ದರಿಂದ ಮೂರು ತಿಂಗಳ ಸಂಬಳ ಹೆಚ್ಚುವರಿ, 15 ಲಕ್ಷ. ತೀರಾ ಕೆಟ್ಟದಾಗಿ ನಡೆಸಿಕೊಂಡಿದ್ದರೆ ಇದು ಆರು ತಿಂಗಳವರೆಗೆ ಏರಬಹುದು. ಒಟ್ಟು ಪರಿಹಾರ 65 ಲಕ್ಷ. ಏನೇ ಕೂಡಿದರೂ ಪರಿಹಾರ ಉಳಿದ ಅವಧಿಯ 70 ಲಕ್ಷವನ್ನು ದಾಟುವಂತಿಲ್ಲ. ಬಾಕಿ 15 ಸೇರಿಸಿದರೆ ಕ್ಲಬ್ ತೆರಬೇಕಾದ್ದು 80 ಲಕ್ಷ, ಮೇಲೆ ಬಡ್ಡಿ. ಫಿಫಾ ತೀರ್ಪುಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 5.

ಕರಾರಿನಲ್ಲಿಯೇ ‘ಮುಂಚಿತವಾಗಿ ಮುರಿದರೆ ಇಷ್ಟು’ ಎಂದು ಬರೆದಿದ್ದರೆ ಈ ಲೆಕ್ಕವೆಲ್ಲ ಪಕ್ಕಕ್ಕೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ ಬಿಟ್ಟ ಕೋಚ್ ಕೆವಿನ್ ಕೀಗನ್‌ಗೆ 2009ರಲ್ಲಿ ಸಿಕ್ಕಿದ್ದು 20 ಲಕ್ಷ ಪೌಂಡ್ ಮತ್ತು ಬಡ್ಡಿ. ಅವರು ಕೇಳಿದ್ದು ಅದಕ್ಕಿಂತ ಬಹಳ ಹೆಚ್ಚು, ಆದರೆ ಕರಾರಿನಲ್ಲಿದ್ದ ಮಿತಿ ಅಷ್ಟೇ. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಇಗೊರ್ ಸ್ಟಿಮಾಚ್. 2026ರ ಜೂನ್‌ವರೆಗೆ ಕರಾರು ಇದ್ದ ರಾಷ್ಟ್ರೀಯ ಕೋಚನ್ನು ಎಐಎಫ್‌ಎಫ್ 2024ರ ಜೂನ್ 17ರಂದು ವಜಾ ಮಾಡಿತು. ಅವರು ಫಿಫಾಕ್ಕೆ ಹೋಗುತ್ತೇನೆಂದರು. ಕೊನೆಗೆ ರಾಜಿಯಾದದ್ದು 4 ಲಕ್ಷ ಡಾಲರಿಗೆ, ಅಂದಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಗೂ ಮೇಲೆ. ಉಳಿದ ಎರಡು ವರ್ಷದ ಪೂರ್ತಿ ಸಂಬಳ ಅದಲ್ಲ, ಸೊನ್ನೆಯೂ ಅಲ್ಲ. ಇಂಥ ಜಗಳಗಳ ಹಣೆಬರಹವೇ ಹೀಗೆ ನಡುವಿನ ಒಂದು ಅಂಕಿ.

ದೂರು ಎಲ್ಲಿಗೆ

ವಿದೇಶಿ ಕೋಚ್, ಭಾರತದ ಕ್ಲಬ್ ಆದರೆ ಫಿಫಾ ಫುಟ್ಬಾಲ್ ನ್ಯಾಯಮಂಡಳಿಯ ಪ್ಲೇಯರ್ಸ್ ಸ್ಟೇಟಸ್ ಚೇಂಬರ್. ಘಟನೆ ನಡೆದು ಎರಡು ವರ್ಷದೊಳಗೆ ದೂರು ಕೊಡಬೇಕು. ಕೋಚ್ ಒಂದು ಪಕ್ಷವಾದ್ದರಿಂದ ಶುಲ್ಕವಿಲ್ಲ. ತೀರ್ಪಿನ ಸಾರಾಂಶ ಬಂದ ಮೇಲೆ ಕಾರಣಸಹಿತ ತೀರ್ಪು ಬೇಕೆಂದು 10 ದಿನದೊಳಗೆ ಕೇಳದಿದ್ದರೆ ಅದೇ ಅಂತಿಮ. ಕೇಳಿ ಪಡೆದರೆ, ಅದು ಬಂದ 21 ದಿನದೊಳಗೆ ಸ್ವಿಟ್ಜರ್ಲೆಂಡಿನ ಕ್ರೀಡಾ ಪಂಚಾಯಿತಿ ನ್ಯಾಯಾಲಯಕ್ಕೆ (ಸಿಎಎಸ್) ಮೇಲ್ಮನವಿ. ತೀರ್ಪಾದರೂ ಕ್ಲಬ್ 45 ದಿನದಲ್ಲಿ ಹಣ ಕೊಡದಿದ್ದರೆ ಹೊಸ ಆಟಗಾರರ ನೋಂದಣಿಗೆ ನಿಷೇಧ, ಮೂರು ವರ್ಗಾವಣೆ ಅವಧಿಗಳವರೆಗೆ. ಕ್ಲಬ್‌ಗಳು ಹೆದರುವುದು ಇದಕ್ಕೆ. 2021ರಲ್ಲಿ ಆಟಗಾರರ ಬಾಕಿಗಾಗಿ ಬ್ಲಾಸ್ಟರ್ಸ್ ಮೇಲೂ ಈಸ್ಟ್ ಬೆಂಗಾಲ್ ಮೇಲೂ ಇಂಥ ನಿಷೇಧ ಬಿದ್ದಿತ್ತು.

ಭಾರತದ ಕೋಚ್, ಭಾರತದ ಕ್ಲಬ್, ಎಐಎಫ್‌ಎಫ್ ವ್ಯವಸ್ಥೆಯೊಳಗಿನ ಟೂರ್ನಿ ಆದರೆ ಎಐಎಫ್‌ಎಫ್‌ನ ಪ್ಲೇಯರ್ ಸ್ಟೇಟಸ್ ಕಮಿಟಿ.

ಸೆವೆನ್ಸ್? ಅದು ಎಐಎಫ್‌ಎಫ್ ಮಾನ್ಯತೆಯ ಹೊರಗಿನ ಆಟ. ‘ಫಿಫಾಕ್ಕೆ ಬರೀತೇನೆ’ ಎಂಬ ಬೆದರಿಕೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಇರುವುದು 1872ರ ಕರಾರು ಕಾಯ್ದೆ, ಸಿವಿಲ್ ಕೋರ್ಟು ಮತ್ತು ಲೋಕ ಅದಾಲತ್. ಹಣದ ದಾವೆಗೆ ಮೂರು ವರ್ಷದ ಅವಧಿ. ಕೋರ್ಟು ಕೋಚನ್ನು ಮತ್ತೆ ಬೆಂಚಿನಲ್ಲಿ ಕೂರಿಸುವುದಿಲ್ಲ: ವ್ಯಕ್ತಿಯ ಕೌಶಲದ ಮೇಲೆ ನಿಂತ ಕರಾರನ್ನು ಬಲವಂತವಾಗಿ ನಡೆಸಿಕೊಡಲು ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಬಿಡುವುದಿಲ್ಲ. ಸಿಗುವುದು ಹಣ ಮಾತ್ರ.

ಊರಿನ ಕ್ಲಬ್ಬಿನ ಕರಾರು

ತ್ರಿಕರಿಪುರ, ಮೊಗ್ರಾಲ್, ಉಪ್ಪಳದಂಥ ಕಡೆ ಸೀಸನ್ನಿಗೆ ಕೋಚ್ ಇಡುವ ಕ್ಲಬ್‌ಗಳಿಗೆ ನಮ್ಮ ಮುಖ್ಯ ಸಲಹೆ: ಅಂತರ್ಜಾಲದಲ್ಲಿ ಸಿಗುವ ಇಪ್ಪತ್ತು ಪುಟದ ಕರಾರು ಇಳಿಸಿ ಹೆಸರು ಬದಲಾಯಿಸಬೇಡಿ. ಎರಡು ಪುಟ ಸಾಕು, ಆದರೆ ನಿಮ್ಮದೇ ಆಗಿರಬೇಕು. ‘ಮೊದಲ 8 ಪಂದ್ಯಗಳಲ್ಲಿ 10 ಅಂಕ ಗಳಿಸದಿದ್ದರೆ ವಜಾ’ ಎಂಬ ಷರತ್ತನ್ನು ಸೆವೆನ್ಸ್ ಕರಾರಿಗೆ ಅಂಟಿಸಿದರೆ ಏನು ಪ್ರಯೋಜನ? ಟೂರ್ನಿಗಳು ನಾಕೌಟ್, ಅಂಕವೇ ಇಲ್ಲ.

ಯಾರ ಸಹಿ ಎಂಬುದರಿಂದ ಶುರು ಮಾಡಿ. ಮಲಬಾರಿನ ಭಾಗವಾದ್ದರಿಂದ ಕಾಸರಗೋಡಿನ ಕ್ಲಬ್‌ಗಳು ನೋಂದಣಿಯಾಗುವುದು 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ. ಅದರ 6ನೇ ಕಲಂ ಪ್ರಕಾರ ದಾವೆ ಹೂಡುವುದೂ ಎದುರಿಸುವುದೂ ಬೈಲಾದಲ್ಲಿ ಹೇಳಿದ ಅಧ್ಯಕ್ಷ ಅಥವಾ ಕಾರ್ಯದರ್ಶಿಯ ಹೆಸರಿನಲ್ಲಿ. ಕಮಿಟಿ ತೀರ್ಮಾನದ ತಾರೀಕು, ನಂಬರು ಕರಾರಿನ ಮೊದಲ ಪ್ಯಾರಾದಲ್ಲೇ ಇರಲಿ. ಮಹಾಸಭೆಯಲ್ಲಿ ಕಮಿಟಿ ಬದಲಾದ ಮೇಲೆ ‘ಅದು ಹಳೇ ಕಮಿಟಿ ಮಾಡಿದ್ದು, ನಮಗೆ ಸಂಬಂಧ ಇಲ್ಲ’ ಎನ್ನುವುದು ಎಲ್ಲ ಕಡೆ ಕೇಳುವ ಮಾತು. ಸಂಬಂಧ ಉಂಟು. ಕಮಿಟಿ ಬದಲಾದರೂ ಸಂಘ ಅದೇ. ನೋಂದಣಿಯೇ ಇಲ್ಲದ ಕ್ಲಬ್ ಆದರೆ ಇನ್ನೂ ಕಷ್ಟ: ಸಹಿ ಹಾಕಿದವರ ತಲೆಗೇ ಸಾಲ ಬರುತ್ತದೆ.

ಸ್ಟಾಂಪ್ ಪೇಪರಿನಲ್ಲಿ ಗಡಿಯ ಕ್ಲಬ್‌ಗಳು ಮಾಡುವ ತಪ್ಪೊಂದುಂಟು. ಕೋಚ್ ಮಂಗಳೂರಿನವರು, ಬರುವಾಗ ಅಲ್ಲಿಂದಲೇ ಕರ್ನಾಟಕದ ಸ್ಟಾಂಪ್ ಪೇಪರ್ ತರುತ್ತಾರೆ, ಸಹಿ ಕುಂಬಳೆಯಲ್ಲಿ. ಮುದ್ರಾಂಕ ಶುಲ್ಕ ಸಲ್ಲಬೇಕಾದ್ದು ಸಹಿ ಬೀಳುವ ರಾಜ್ಯಕ್ಕೆ. ನಾಳೆ ಕೋರ್ಟಿನಲ್ಲಿ ಆ ಕಾಗದ ಸಾಕ್ಷ್ಯವಾಗಬೇಕಾದರೆ ಮೊದಲು ಶುಲ್ಕ, ದಂಡ ಕಟ್ಟಬೇಕು. ಕರಾರು ಕನ್ನಡ, ಮಲಯಾಳ ಎರಡರಲ್ಲೂ ಇದ್ದರೆ, ಅರ್ಥದಲ್ಲಿ ಭೇದ ಬಂದಾಗ ಯಾವ ಪ್ರತಿ ಅಂತಿಮ ಎಂದು ಒಂದು ಸಾಲು ಬರೆಯಿರಿ. ‘ವ್ಯಾಜ್ಯವೆಲ್ಲ ಬೆಂಗಳೂರು ಕೋರ್ಟಿನಲ್ಲಿ’ ಎಂದು ಬರೆದರೆ ನಡೆಯುವುದಿಲ್ಲ. ಕರಾರಿನ ಯಾವ ಸಂಗತಿಯೂ ನಡೆಯದ, ಎರಡೂ ಕಡೆಯವರು ಇಲ್ಲದ ಊರಿನ ಕೋರ್ಟಿಗೆ ಕರಾರಿನಿಂದ ಅಧಿಕಾರ ಬರುವುದಿಲ್ಲ.

ಸಂಬಳದ ಕಲಂ ಹೀಗಿರಲಿ: ‘ತಿಂಗಳ ಸಂಬಳ ರೂ. 20,000. ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೋಚ್‌ರ ಬ್ಯಾಂಕ್ ಖಾತೆಗೆ ಪಾವತಿ. ಪ್ರಾಯೋಜಕರ ಹಣ ಬಂದಿರಲಿ, ಬಾರದಿರಲಿ ಈ ತಾರೀಕು ಬದಲಾಗದು.’ ಕೊನೆಯ ವಾಕ್ಯಕ್ಕೆ ಕಮಿಟಿಯಲ್ಲಿ ವಿರೋಧ ಬರುತ್ತದೆ, ಬರಲಿ. ‘ಗಲ್ಫಿನಿಂದ ಹಣ ಬಂದ ಕೂಡಲೇ’ ಎಂಬುದು ತಾರೀಕಲ್ಲ. ಕಾಸರಗೋಡಿನ ಕೋಚ್ ಜಗಳಗಳ ಬೇರು ಹೆಚ್ಚಾಗಿ ಅಲ್ಲೇ. ಪ್ರತಿ ಪಂದ್ಯದ ಭತ್ಯೆ, ವಾಸ, ಊಟ, ಬಸ್ಸಿನ ಖರ್ಚು ಸಂಬಳದಲ್ಲಿ ಸೇರಿದೆಯೋ ಬೇರೆಯೋ ಬರೆಯಿರಿ. ಗೆದ್ದ ಬಹುಮಾನದಲ್ಲಿ ಪಾಲು ಇದ್ದರೆ ಶೇಕಡಾವಾರು ಹಾಕಿ. ‘ಸಂತೋಷಕ್ಕೆ ತಕ್ಕ ಹಾಗೆ’ ಎಂಬುದು ಕೋರ್ಟಿನಲ್ಲಿ ಲೆಕ್ಕಕ್ಕಿಲ್ಲ.

ತಂಡ ಆರಿಸುವ ಅಧಿಕಾರ ಯಾರದ್ದು? ಕೀಗನ್ ನ್ಯೂಕ್ಯಾಸಲ್ ಬಿಟ್ಟದ್ದು ತನಗೆ ಬೇಡವಾದ ಆಟಗಾರನನ್ನು ಕ್ಲಬ್ ತಂದಿಟ್ಟಿತು ಎಂದು. ಯಾರನ್ನು ತರಬೇಕೆಂಬುದರಲ್ಲಿ ಕೊನೆಯ ಮಾತು ತನ್ನದೆಂಬ ವಾದವನ್ನು ನ್ಯಾಯಮಂಡಳಿ ಒಪ್ಪಿತು. 2009ರಲ್ಲೇ ವೆಸ್ಟ್ ಹ್ಯಾಮ್ ಕ್ಲಬ್ಬಿನ ಹಿಂದಿನ ಕೋಚ್ ಅಲನ್ ಕರ್ಬಿಶ್ಲಿಯೂ ತನ್ನ ಒಪ್ಪಿಗೆ ಇಲ್ಲದೆ ಆಟಗಾರರನ್ನು ಮಾರಿದ್ದಕ್ಕೆ ಆ ಕ್ಲಬ್ಬಿನ ವಿರುದ್ಧ ಗೆದ್ದರು. ನಮ್ಮ ಸೆವೆನ್ಸ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಪಂದ್ಯಕ್ಕೆ ಎರಡು ಗಂಟೆ ಇರುವಾಗ ಟೀಮ್ ಮ್ಯಾನೇಜರ್ ಕಾರಿನಲ್ಲಿ ಮೂವರು ಗೆಸ್ಟ್ ಆಟಗಾರರನ್ನು ಇಳಿಸುತ್ತಾರೆ, ಸೋತರೆ ಬೈಗುಳ ಕೋಚ್‌ಗೆ. ಆದ್ದರಿಂದ ಬರೆಯಿರಿ: ಗೆಸ್ಟ್ ಆಟಗಾರರನ್ನು ಕರೆಸುವುದು ಕ್ಲಬ್ಬಿನ ಅಧಿಕಾರ, ಆಡುವ ಏಳು ಮಂದಿಯನ್ನೂ ಬದಲಿಯನ್ನೂ ಆರಿಸುವುದು ಕೋಚ್‌ರ ಅಧಿಕಾರ. ಬೇರೆ ರೀತಿ ಬೇಕಾದರೆ ಹಾಗೆಯೇ ಬರೆಯಿರಿ. ಬರೆಯದೆ ಬಿಡುವುದು ಮಾತ್ರ ಬೇಡ.

ತರಬೇತಿಯ ಹೊತ್ತನ್ನು ‘ದಿನಾ ಸಂಜೆ 4.30’ ಎಂದು ಕಟ್ಟಿಹಾಕಬೇಡಿ. ರಂಜಾನ್ ತಿಂಗಳಲ್ಲಿ ಅಭ್ಯಾಸ ರಾತ್ರಿಗೆ ಹೋಗುತ್ತದೆ, ಟೂರ್ನಿ ಇರುವ ದಿನ ಅಭ್ಯಾಸವೇ ಇಲ್ಲ. ಜಗಳ ಹತ್ತಿದಾಗ ಇದೇ ಸಾಲನ್ನು ಹಿಡಿದು ‘ಇಷ್ಟು ದಿನ ಗೈರುಹಾಜರು’ ಎಂದು ಚಾರ್ಜ್ ಮಾಡುವವರಿದ್ದಾರೆ. ಅವಧಿಯನ್ನೂ ಸೀಸನ್ನಿಗೆ ಹೊಂದಿಸಿ: ನವೆಂಬರಿನಿಂದ ಮೇ. ಮೈದಾನ ಕೆಸರಾಗುವ ಮಳೆಗಾಲಕ್ಕೆ ಸಂಬಳ ಕೊಡುವ ಉದ್ದೇಶ ಇಲ್ಲದಿದ್ದರೆ ‘ಒಂದು ವರ್ಷ’ ಎಂದು ಬರೆಯಬೇಡಿ.

ಕರಾರು ಮುಂಚಿತವಾಗಿ ಮುರಿದರೆ ಏನು ಎಂಬುದಕ್ಕೆ ಸರಳ ಸೂತ್ರ ಸಾಕು: ಉಳಿದ ಅವಧಿಯ ಸಂಬಳ ಅಥವಾ ಎರಡು ತಿಂಗಳ ಸಂಬಳ, ಯಾವುದು ಕಡಿಮೆಯೋ ಅದು, ಎರಡೂ ಕಡೆಗೆ ಒಂದೇ ಅಳತೆ. ‘ಬಿಟ್ಟು ಹೋದರೆ 5 ಲಕ್ಷ ದಂಡ’ ಎಂಬ ಬೆದರುಗೊಂಬೆ ನಿಲ್ಲಿಸಬೇಡಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟು ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಮೊತ್ತವನ್ನಷ್ಟೇ. ‘ಬಿಟ್ಟ ಮೇಲೆ ಎರಡು ವರ್ಷ ಜಿಲ್ಲೆಯ ಬೇರೆ ತಂಡಕ್ಕೆ ಕೋಚ್ ಆಗಬಾರದು’ ಎಂಬುದಂತೂ 27ನೇ ಕಲಂ ಅಡಿಯಲ್ಲಿ ಊರ್ಜಿತವೇ ಅಲ್ಲ. ‘ವ್ಯಾಜ್ಯ ಬಂದರೆ ಕ್ಲಬ್ ಅಧ್ಯಕ್ಷರ ತೀರ್ಮಾನವೇ ಅಂತಿಮ’ ಎಂಬುದೂ ಹಾಗೆಯೇ. ತನ್ನದೇ ವ್ಯಾಜ್ಯಕ್ಕೆ ತಾನೇ ಮಧ್ಯಸ್ಥನಾಗಲು ಮಧ್ಯಸ್ಥಿಕೆ ಕಾಯ್ದೆ ಒಪ್ಪುವುದಿಲ್ಲ. ಇಬ್ಬರಿಗೂ ಒಪ್ಪಿಗೆಯಾಗುವ, ಕ್ಲಬ್ಬಿನ ಸದಸ್ಯರಲ್ಲದ ಹಿರಿಯರೊಬ್ಬರ ಹೆಸರು ಹಾಕಿ.

ಅಮಾನತು ಮಾಡಲೇಬೇಕಾದಾಗ

ಕರಾರಿನಲ್ಲಿ ಅಮಾನತಿನ ಕಲಂ ಇಲ್ಲದಿದ್ದರೆ ಮಾಡಲು ಹೊರಡಬೇಡಿ, ಮಾತಾಡಿ ಮುಗಿಸಿ. ಇದ್ದರೆ ಅದರ ಚೌಕಟ್ಟು ಹೀಗಿರಲಿ. ಆದೇಶ ಕೊಡುವುದು ಕಮಿಟಿ, ಒಬ್ಬ ಪದಾಧಿಕಾರಿಯಲ್ಲ. ಆರೋಪ ಏನೆಂದು ಲಿಖಿತವಾಗಿ ಮೂರು ದಿನದೊಳಗೆ: ಯಾವ ದಿನ, ಎಲ್ಲಿ, ಏನು ಮಾಡಿದರು. ‘ತಂಡದ ಹಿತಕ್ಕೆ ವಿರುದ್ಧವಾಗಿ ವರ್ತಿಸಿದ್ದೀರಿ’ ಎಂಬುದು ಆರೋಪವಲ್ಲ. ಉತ್ತರಕ್ಕೆ ಏಳು ದಿನ. ದೂರು ಕೊಟ್ಟವರು ಯಾರೂ ಇಲ್ಲದ ಮೂವರ ವಿಚಾರಣೆ. ಒಟ್ಟು 21 ದಿನದಲ್ಲಿ ತೀರ್ಮಾನ, ಆಗದಿದ್ದರೆ ಅಮಾನತು ತಾನಾಗಿ ರದ್ದು.

ಅಮಾನತಿನ ಅವಧಿಯ ಸಂಬಳದ ಬಗ್ಗೆ ಕಮಿಟಿಗಳಲ್ಲಿ ಭಾರೀ ಚರ್ಚೆ. ಕೈಗಾರಿಕಾ ಕಾರ್ಮಿಕರಿಗೆ 1946ರ ಸ್ಥಾಯಿ ಆದೇಶ ಕಾಯ್ದೆ ಇಟ್ಟಿದ್ದ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯೂ ಉಳಿಸಿಕೊಂಡ ಅಳತೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು. ಕೋಚ್ ಆ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂಬ ವಾದಕ್ಕೆ ಇಳಿಯುವ ಮೊದಲು ಕೂಡಿ ಕಳೆದು ನೋಡಿ: 20,000 ಸಂಬಳಕ್ಕೆ 21 ದಿನದ್ದು 14,000, ಅರ್ಧ ಕೊಟ್ಟರೆ ಉಳಿಯುವುದು 7,000. ವಕೀಲರ ಒಂದು ನೋಟಿಸಿಗೆ ಅದು ಕರಗುತ್ತದೆ. ಪೂರ್ತಿ ಸಂಬಳ ಕೊಟ್ಟೇ ಅಮಾನತು ಮಾಡಿ. ‘ಸಂಬಳ ನಿಲ್ಲಿಸಿ ಹಿಂಸೆ ಕೊಟ್ಟರು’ ಎಂಬ ಮಾತಿಗೆ ಆಸ್ಪದವೇ ಇರುವುದಿಲ್ಲ.

ಪತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಿ ‘ತಲುಪಿದೆ’ ಎನ್ನಬೇಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಕೌಂಟರಿನಲ್ಲಿ ನೋಂದಣಿ ಸೇವೆ ಮತ್ತು ತಲುಪಿದ ಪುರಾವೆ ಎರಡನ್ನೂ ಬಾಯಿಬಿಟ್ಟು ಕೇಳಿ ಪಡೆಯಿರಿ, ರಸೀದಿಯನ್ನು ಕರಾರಿನ ಫೈಲಿಗೆ ಪಿನ್ ಮಾಡಿ. ಕೋಚ್‌ಗಳಿಗೂ ಇದೇ ಮಾತು. ಬಾಕಿ ಕೇಳುವ ನೋಟಿಸಿನಲ್ಲಿ ಯಾವ ತಿಂಗಳಿನದ್ದು, ಎಷ್ಟು, ಎಷ್ಟು ದಿನದೊಳಗೆ ಎಂಬ ಮೂರೂ ಇರಬೇಕು. ವಾಟ್ಸಾಪ್ ಮಾತುಕತೆ ಸಾಕ್ಷ್ಯವಾಗುತ್ತದೆ, ಆದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಮೂಲ ಮೆಸೇಜ್ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ರಾಜಿಗೆ ಮನಸ್ಸಿದ್ದರೆ ಕಾಸರಗೋಡು ವಿದ್ಯಾನಗರದ ಕೋರ್ಟು ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮೊದಲೇ ಅರ್ಜಿ ಕೊಡಬಹುದು. ಹೊಸದುರ್ಗದವರಿಗೆ ಅಲ್ಲಿಯ ತಾಲೂಕು ಸಮಿತಿ ಉಂಟು. ಕೋರ್ಟ್ ಫೀ ಇಲ್ಲ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲೂ ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಕಂತುಗಳ ತಾರೀಕು ಓದಿ. ‘ಮುಂದಿನ ಟೂರ್ನಿಯ ಗೇಟ್ ಕಲೆಕ್ಷನ್ನಿನಿಂದ’ ಎಂದಿದ್ದರೆ ತಿದ್ದಿಸಿ.

ಅಭಿಮಾನಿಗಳ ಪಾಲಿಗೆ ಒಂದು ಎಚ್ಚರಿಕೆ. ಕೋಚ್ ತಂತ್ರ ಸರಿಯಿಲ್ಲ, ಕ್ಲಬ್ಬಿಗೆ ಮರ್ಯಾದೆ ಇಲ್ಲ ಎಂದು ಎಷ್ಟು ಬೇಕಾದರೂ ಕೂಗಿ, ಅದು ಅಭಿಪ್ರಾಯ. ‘ಪಂದ್ಯ ಮಾರಿಕೊಂಡ’, ‘ಕಮಿಷನ್ ತಿಂದ’ ಎಂದು ಹೆಸರು ಹಾಕಿ ಬರೆದರೆ ಅದು ಆರೋಪ, ಪುರಾವೆ ಕೇಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿಯಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಇದೆ. ಫ್ಲೆಕ್ಸ್‌ಗೆ ಇದು ಇನ್ನೂ ಹೆಚ್ಚು ಅನ್ವಯ. ವಿಶ್ವಕಪ್ ಸಮಯದ ಅರ್ಜೆಂಟೀನಾ–ಬ್ರೆಜಿಲ್ ಫ್ಲೆಕ್ಸಿನ ತಮಾಷೆಯೇ ಬೇರೆ, ಊರಿನ ಕೋಚ್ ಫೋಟೋದ ಕೆಳಗೆ ‘ಕಳ್ಳ’ ಎಂದು ಬರೆಸಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುವುದೇ ಬೇರೆ. ಕಟ್ಟಿದವರ ಹೆಸರು ‘ಅಭಿಮಾನಿ ಬಳಗ’ ಎಂದಷ್ಟೇ ಇದ್ದರೂ ಫ್ಲೆಕ್ಸ್ ಅಂಗಡಿಯ ಬಿಲ್ಲಿನಲ್ಲಿ ಒಬ್ಬರ ಫೋನ್ ನಂಬರ್ ಇದ್ದೇ ಇರುತ್ತದೆ.